ಮೋಟ್ರು ಸುಟ್ಟರೆ ಮೆಂಬರ್ ಮನೆಗೆ: ಮಂಡ್ಯದ ಹಳ್ಳಿ ಸದಸ್ಯರ ದಿನಗೆಲಸ ಮತ್ತು ಬಳಕೆಯಾಗದ ಅಧಿಕಾರ

ಗ್ರಾಮ ಪಂಚಾಯಿತಿ ಚುನಾವಣೆಯ ಸುದ್ದಿ ಬಂದರೆ ಸಾಕು, ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಮಾತು ಎರಡೇ ವಿಷಯದ ಸುತ್ತ ಗಿರಕಿ ಹೊಡೆಯುತ್ತದೆ. ಯಾರು ನಿಲ್ತಾರೆ, ಎಷ್ಟು ಖರ್ಚು ಮಾಡ್ತಾರೆ. 2020ರ ಡಿಸೆಂಬರ್‌ನಲ್ಲಿ ಗೆದ್ದವರಿಗೆ ಸಂವಿಧಾನ ಕೊಟ್ಟದ್ದು ಮೊದಲ ಸಭೆಯಿಂದ ಲೆಕ್ಕ ಹಾಕಿ ಐದು ವರ್ಷ. ಆ ಲೆಕ್ಕ ಮುಗಿಯುತ್ತ ಬಂದಂತೆ ಡೇರಿ ಮುಂದೆ, ಅರಳಿಕಟ್ಟೆಯಲ್ಲಿ, ತಿಥಿ ಊಟದ ಪಂಕ್ತಿಯಲ್ಲಿ ಹೊಸ ಹೆಸರುಗಳು ಓಡಾಡತೊಡಗಿದವು. ಗೆದ್ದವರು ಮಾರನೇ ಬೆಳಿಗ್ಗೆಯಿಂದ ಮಾಡಬೇಕಾದ್ದೇನು, ಅದನ್ನು ಮಾಡಲು ಅವರ ಕೈಯಲ್ಲಿ ಏನಿದೆ ಎಂಬ ಮಾತು ಮಾತ್ರ ಎಲ್ಲೂ ಕಿವಿಗೆ ಬೀಳುವುದಿಲ್ಲ. ಐದು ವರ್ಷ ನಾವು ಬೈಯುವುದು, ಅವರು ಬೈಸಿಕೊಳ್ಳುವುದು ಎರಡಕ್ಕೂ ಮೂಲ ಅಲ್ಲೇ ಇದೆ.

ಕಾನೂನಿನಲ್ಲಿ ಇರುವುದು ಇಷ್ಟು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಐದಾರು ಸಾವಿರ ಜನರಿರುವ ಪಂಚಾಯಿತಿಯಲ್ಲಿ ಹದಿಮೂರರಿಂದ ಹದಿನೈದು ಜನ. ಪಕ್ಷದ ಚಿಹ್ನೆ ಇಲ್ಲ. ತಿಂಗಳಿಗೊಂದು ಸಾಮಾನ್ಯ ಸಭೆ, ವರ್ಷಕ್ಕೆ ಕನಿಷ್ಠ ಎರಡು ಗ್ರಾಮಸಭೆ, ಅದಕ್ಕೂ ಮೊದಲು ವಾರ್ಡ್ ಸಭೆ, ಜೊತೆಗೆ ಮೂರು ಸ್ಥಾಯಿ ಸಮಿತಿಗಳು. ಗೌರವಧನವನ್ನು 2023ರಲ್ಲಿ ದುಪ್ಪಟ್ಟು ಮಾಡಿದ ಮೇಲೆ ಅಧ್ಯಕ್ಷರಿಗೆ ತಿಂಗಳಿಗೆ 6,000, ಉಪಾಧ್ಯಕ್ಷರಿಗೆ 4,000, ಸದಸ್ಯರಿಗೆ 2,000 ರೂಪಾಯಿ. ಗೃಹಲಕ್ಷ್ಮಿಯಲ್ಲಿ ಮನೆಯೊಡತಿಯ ಖಾತೆಗೆ ಬರುವುದೂ ತಿಂಗಳಿಗೆ 2,000. ಅಂದರೆ ಸದಸ್ಯರದ್ದು ತಿಂಗಳಿಗೊಮ್ಮೆ ಸಭೆಗೆ ಬಂದು ಹೋಗುವ ಕೆಲಸ ಎಂಬ ಲೆಕ್ಕದಲ್ಲಿ ಸರ್ಕಾರ ಇದೆ. ಊರಿನ ಲೆಕ್ಕ ಬೇರೆ. ಊರಿಗೆ ಮೆಂಬರ್ ಅಂದರೆ ಬೆಳಗಿನ ಜಾವದಿಂದ ರಾತ್ರಿ ಮಲಗುವವರೆಗೆ ಕೈಗೆ ಸಿಗಬೇಕಾದ ಮನುಷ್ಯ.

ಸದಸ್ಯರ ದಿನದ ಬಹುಪಾಲು ಕಾನೂನು ಹೇಳದೇ ಇರುವ ಕೆಲಸಕ್ಕೆ ಹೋಗುತ್ತಿದೆ. ಕಾನೂನೇ ಕೊಟ್ಟಿರುವ ಅಧಿಕಾರ ಮಾತ್ರ ಬಳಕೆಯಾಗದೆ ಬಿದ್ದಿದೆ. ಒಂದಕ್ಕೆ ಇನ್ನೊಂದು ಕಾರಣ ಎನ್ನುವುದು ನನ್ನ ಅಭಿಪ್ರಾಯ. ಯಾಕೆ ಅನ್ನುವುದಕ್ಕೆ ನೀರಿನಿಂದಲೇ ಶುರು ಮಾಡಬೇಕು.

ಮಂಡ್ಯ ಅಂದರೆ ಹೊರಗಿನವರ ಕಣ್ಣಿಗೆ ಬರುವುದು ಕೆಆರ್‌ಎಸ್, ವಿ.ಸಿ. ನಾಲೆ, ಕಬ್ಬು, ಭತ್ತ. ನಾಗಮಂಗಲ, ಕೆ.ಆರ್.ಪೇಟೆಯ ಕಡೆ ಹೋದರೆ ತೆಂಗು, ರಾಗಿ, ಹುರುಳಿಯ ಒಣಸೀಮೆ. ಅಲ್ಲಿ ಕುಡಿಯುವುದಕ್ಕೆ ಬೋರೇ ಗತಿ. ನಾಲೆ ಪಕ್ಕದ ಊರುಗಳಲ್ಲೂ ಎಷ್ಟೋ ಕಡೆ ಗದ್ದೆಗೆ ಕಾವೇರಿ ನೀರು, ಮನೆಗೆ ಕೊಳವೆಬಾವಿ ನೀರು. ಆದ್ದರಿಂದ ಸದಸ್ಯರ ಫೋನಿಗೆ ಬರುವ ಮೊದಲ ಕರೆ ಹೆಚ್ಚಾಗಿ ಇದೇ: "ಅಕ್ಕಾ, ನೀರ್ ಬಂದಿಲ್ಲ ಕಣಕ್ಕ. ಮೋಟ್ರು ಸುಟ್ಟೋಗದಂತೆ."

ನಾಗಮಂಗಲ ಸೀಮೆಯ ಸದಸ್ಯೆಯೊಬ್ಬರು ತಮ್ಮ ಡೈರಿಯನ್ನು ನನ್ನ ಮುಂದೆ ಇಟ್ಟಿದ್ದರು. ಸಹಕಾರ ಸಂಘ ಹಂಚಿದ ಹಳೆಯ ಡೈರಿ, ರಟ್ಟು ಕಿತ್ತುಹೋಗಿದೆ. ಅದರಲ್ಲಿ ಬರೆದಿದ್ದೆಲ್ಲ ಮೋಟ್ರಿನ ಕಥೆ. ಪಂಪು ಎತ್ತುವ ಗಾಡಿಯವನಿಗೆ ಇಷ್ಟು, ವೈಂಡಿಂಗ್ ಅಂಗಡಿಗೆ ಇಷ್ಟು ಮುಂಗಡ, ಕೇಬಲ್ಲಿಗೆ ಇಷ್ಟು, ಎತ್ತುವಾಗ ಕೈಜೋಡಿಸಿದ ಹುಡುಗರ ಟೀ ತಿಂಡಿಗೆ ಇಷ್ಟು. ಪಕ್ಕದಲ್ಲಿ ಇನ್ನೊಂದು ಸಾಲು, ಪಂಚಾಯಿತಿಯಿಂದ ಬಂದದ್ದು. ಆ ಸಾಲಿನಲ್ಲಿ ಖಾಲಿ ಜಾಗವೇ ಜಾಸ್ತಿ. "ಊರ್ನೋರ್‌ಗೆ ಬಿಲ್ ಪಾಸಾಗೋ ಗಂಟ ಕಾಯಿರಿ ಅನ್ನೋಕಾಯ್ತದಾ? ದನಕರ ಇರ್ತವೆ, ಬಾಣಂತಿರು ಇರ್ತಾರೆ. ಸಂಘದ ದುಡ್ಡು ತಕ್ಕೊಂಡು ಕೊಟ್ಟೆ," ಅಂದರು. ಸಂಘದ ದುಡ್ಡು ಅಂದರೆ ಅವರ ಸ್ವಸಹಾಯ ಸಂಘದ ಸಾಲ. ಪಂಚಾಯಿತಿಯ ಮೋಟ್ರಿಗೆ ಆಕೆಯ ಮನೆಯವರು ವಾರವಾರ ಕಂತು ಕಟ್ಟುತ್ತಿದ್ದರು.

ಹೀಗಾಗಲು ಕಾರಣ ಯಾರದೋ ಕೆಟ್ಟತನ ಎಂದುಕೊಂಡರೆ ವಿಷಯ ಅರ್ಥವಾಗುವುದಿಲ್ಲ. ಪಂಚಾಯಿತಿಯ ಹಣ ಹೊರಗೆ ಬರಬೇಕಾದರೆ ಅಧ್ಯಕ್ಷರು ಮತ್ತು ಪಿಡಿಓ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಇಬ್ಬರ ಸಹಿಯೂ ಬೇಕು. ಈಗ ಅದು ಡಿಜಿಟಲ್ ಸಹಿ. ಅದಕ್ಕೂ ಮೊದಲು ಆ ಖರ್ಚು ವರ್ಷದ ಕೆಲಸಗಳ ಪಟ್ಟಿಯಾದ ಕ್ರಿಯಾ ಯೋಜನೆಯಲ್ಲಿ ಇರಬೇಕು, ಕೊಟೇಶನ್ ಬೇಕು, ಬಿಲ್ಲು ಬೇಕು, ಸಭೆಯ ಒಪ್ಪಿಗೆ ಬೇಕು. ಪಿಡಿಓ ಎರಡು ಪಂಚಾಯಿತಿಯ ಉಸ್ತುವಾರಿಯಲ್ಲಿದ್ದರೆ ವಾರಕ್ಕೆ ಮೂರು ದಿನ ಮಾತ್ರ ಸಿಗುತ್ತಾರೆ. ಇದೆಲ್ಲ ದುಡ್ಡು ಪೋಲಾಗದಂತೆ ಇಟ್ಟ ಬೇಲಿ, ಇರಲೇಬೇಕು. ಆದರೆ ಮೋಟ್ರು ಸುಡುವುದು ಕ್ರಿಯಾ ಯೋಜನೆ ನೋಡಿಕೊಂಡಲ್ಲ. ತುರ್ತು ರಿಪೇರಿಗೆಂದು ಒಂದಿಷ್ಟು ಹಣವನ್ನು ಮೊದಲೇ ತೆಗೆದಿಟ್ಟು, ಖರ್ಚಾದ ಮೇಲೆ ಮುಂದಿನ ಸಭೆಯಲ್ಲಿ ಲೆಕ್ಕ ಒಪ್ಪಿಸುವ ಏರ್ಪಾಡನ್ನು ಪಂಚಾಯಿತಿ ಮಾಡಿಕೊಳ್ಳದಿದ್ದರೆ ಆ ಬೇಲಿಯ ಮುಳ್ಳು ಚುಚ್ಚುವುದು ಸದಸ್ಯರಿಗೆ ಮಾತ್ರ. ಮಾಡಿಕೊಂಡ ಪಂಚಾಯಿತಿಗಳಲ್ಲಿ ಸದಸ್ಯರ ಮುಖದಲ್ಲೇ ನೆಮ್ಮದಿ ಕಾಣುತ್ತದೆ.

ಇನ್ನೊಂದು ಕೆಡುಕೂ ಇದರ ಬೆನ್ನಿಗೇ ಬರುತ್ತದೆ. ಕೈಯಿಂದ ಹಾಕಿದ ದುಡ್ಡು ವಾಪಸ್ ಬರುವುದು ತಡವಾದಷ್ಟೂ ಅದನ್ನು ಬೇರೆ ದಾರಿಯಲ್ಲಿ ಸರಿದೂಗಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಚರಂಡಿ ಕೆಲಸವನ್ನು ತಮ್ಮವರಿಗೇ ಕೊಡಿಸುವುದು, ಬಿಲ್ಲಿನಲ್ಲಿ ಸ್ವಲ್ಪ ಏರಿಸುವುದು. ತಪ್ಪು ತಪ್ಪೇ. ಆದರೆ 2,000 ರೂಪಾಯಿ ಗೌರವಧನದವರ ಮೇಲೆ ಊರಿನ ರಿಪೇರಿ ಸಾಲವನ್ನೂ ಹೊರಿಸಿ, ಆಮೇಲೆ ಅವರ ಪ್ರಾಮಾಣಿಕತೆಯನ್ನು ಮಾತ್ರ ಪರೀಕ್ಷೆ ಮಾಡುವುದು ನ್ಯಾಯವಲ್ಲ.

ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. 2021ರಿಂದ 2026ರವರೆಗಿನ ಅವಧಿಗೆ ಮುಖ್ಯವಾಗಿ ಬಂದದ್ದು 15ನೇ ಹಣಕಾಸು ಆಯೋಗದ ಅನುದಾನ. ಅದರಲ್ಲಿ ಶೇ 60 ಕಟ್ಟುಪಾಡಿನ ಹಣ. ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಮಾತ್ರ ಊರಿನ ಇಷ್ಟದಂತೆ, ಅದನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ರಾಜ್ಯದ ಶಾಸನಬದ್ಧ ಅನುದಾನದಲ್ಲಿ ಬೀದಿದೀಪ ಮತ್ತು ಪಂಪಿನ ಕರೆಂಟ್ ಬಿಲ್ಲು ದೊಡ್ಡ ಪಾಲು ನುಂಗುತ್ತದೆ. ಮಿಕ್ಕಿದ್ದು ಊರಿನ ಸ್ವಂತ ಕಂದಾಯ. ಮನೆ ಕಂದಾಯ, ನೀರಿನ ಕಂದಾಯ, ಅಂಗಡಿ ಲೈಸೆನ್ಸು. ಇದರಲ್ಲೇ ವಾಟರ್‌ಮ್ಯಾನ್, ಬಿಲ್ ಕಲೆಕ್ಟರ್, ಸ್ವಚ್ಛತಾ ಸಿಬ್ಬಂದಿಯ ಅಗತ್ಯಗಳೂ ತೂಗಬೇಕು. ಕಂದಾಯ ಕಟ್ಟಿ ಎಂದು ಹೇಳುವ ಸದಸ್ಯರು ಬಹಳ ಕಡಿಮೆ. ಓಟು ಹೋಗುತ್ತದೆಂಬ ಭಯ. ಕಟ್ಟದವರ ಪಟ್ಟಿಯಲ್ಲಿ ತಮ್ಮದೇ ದಾಯಾದಿಗಳು ಇರುತ್ತಾರೆ.

ಹೆಚ್ಚಿನ ಪಂಚಾಯಿತಿಗಳು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕೈಗೆ ಸಿಕ್ಕ ಸ್ವತಂತ್ರ ಹಣವನ್ನು ಸದಸ್ಯರು ತಮ್ಮತಮ್ಮ ವಾರ್ಡಿನ ಕೆಲಸಕ್ಕೆಂದು ಸಮನಾಗಿ ಹಂಚಿಕೊಳ್ಳುತ್ತಾರೆ. "ಒಬ್ಬೊಬ್ಬ ಮೆಂಬ್ರಿಗೆ ಇಷ್ಟು" ಎಂದು ಭಾಗ ಮಾಡಿಬಿಟ್ಟರೆ ಸಭೆಯಲ್ಲಿ ಜಗಳವಿಲ್ಲ. ಮೇಲ್ನೋಟಕ್ಕೆ ಇದು ನ್ಯಾಯವಾಗಿ ಕಾಣುತ್ತದೆ. ಫಲ ನೋಡಬೇಕೆಂದರೆ ಮದ್ದೂರು, ಮಳವಳ್ಳಿ ಕಡೆಯ ಯಾವುದಾದರೂ ಊರಿನ ಒಳಬೀದಿಯಲ್ಲಿ ನಡೆಯಿರಿ. ಚರಂಡಿ ಚೆನ್ನಾಗಿ ಕಾಂಕ್ರೀಟ್ ಆಗಿ ಬರುತ್ತದೆ, ಯಾರದೋ ಮನೆಯ ಹಿತ್ತಲಿಗೆ ಬಂದು ಥಟ್ಟನೆ ನಿಲ್ಲುತ್ತದೆ. ಹಣ ಅಲ್ಲಿಗೆ ಮುಗಿದಿರುತ್ತದೆ. ಮುಂದಿನ ತುಂಡು ಇನ್ನೊಂದು ವರ್ಷದ್ದು, ಇನ್ನೊಬ್ಬ ಸದಸ್ಯರದ್ದು, ಮಟ್ಟವೂ ಬೇರೆ. ಮೇಲಿನ ಬೀದಿಯ ಕೊಳಚೆಯೆಲ್ಲ ಕೆಳಗಿನ ಬೀದಿಯಲ್ಲಿ ನಿಲ್ಲುತ್ತದೆ. ಕೆಳಗಿನ ಬೀದಿ ಬಹಳಷ್ಟು ಊರುಗಳಲ್ಲಿ ದಲಿತರ ಕೇರಿ ಎಂಬುದನ್ನು ಇಲ್ಲಿ ಬಿಚ್ಚಿ ಹೇಳಲೇಬೇಕು. ನೀರು ಹರಿಯುವ ದಿಕ್ಕು ವಾರ್ಡಿನ ಗೆರೆ ನೋಡುವುದಿಲ್ಲ. ಹದಿನೈದು ತುಂಡು ಕೆಲಸದ ಬದಲು ಒಂದು ವರ್ಷ ಒಂದು ಊರಿಗೆ ಪೂರ್ತಿ ಚರಂಡಿ, ಮುಂದಿನ ವರ್ಷ ಇನ್ನೊಂದಕ್ಕೆ ಎಂದು ಒಪ್ಪಿಕೊಳ್ಳುವ ಧೈರ್ಯ ಸದಸ್ಯರಿಗೆ ಬರಬೇಕಾದರೆ ಅವರ ಬೆನ್ನಿಗೆ ವಾರ್ಡ್ ಸಭೆ ಇರಬೇಕು. "ಈ ವರ್ಷ ನಮ್ಮ ಬೀದಿಗೆ ಬೇಡ, ಅಲ್ಲಿಗೆ ಮೊದಲು ಆಗಲಿ" ಎಂದು ಜನರೇ ಹೇಳಿದ್ದು ಪುಸ್ತಕದಲ್ಲಿ ಇರಬೇಕು.

ಇನ್ನು ಉದ್ಯೋಗ ಖಾತರಿ. ದನದ ಕೊಟ್ಟಿಗೆ, ಬಚ್ಚಲು ಗುಂಡಿ, ಕೃಷಿ ಹೊಂಡ, ಕೆರೆ ಹೂಳು. ನರೇಗಾದಿಂದ ಮಂಡ್ಯದ ಹಳ್ಳಿಗಳಲ್ಲಿ ಕಣ್ಣಿಗೆ ಕಾಣುವ ಕೆಲಸ ಆಗಿದೆ. ಇದರಲ್ಲಿ ಸದಸ್ಯರ ಪಾತ್ರ ಅರ್ಜಿ ಕೊಡಿಸುವುದರಿಂದ ಕೂಲಿ ಖಾತೆಗೆ ಬೀಳುವವರೆಗೆ. 2023ರ ಜನವರಿಯಿಂದ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಮೊಬೈಲಿನಲ್ಲಿ ಫೋಟೋ ತೆಗೆದು ಹಾಜರಾತಿ ಹಾಕುವುದು ಕಡ್ಡಾಯವಾಯಿತು. ನೆಟ್‌ವರ್ಕ್ ಇಲ್ಲದ ಕೆರೆಯಂಗಳದಲ್ಲಿ ಫೋಟೋ ಹೋಗದಿದ್ದರೆ ದುಡಿದವಳ ಒಂದು ದಿನದ ಕೂಲಿ ಹೋಗುತ್ತದೆ. 2025-26ರಲ್ಲಿ ಅದು 370 ರೂಪಾಯಿ. ಆ ಹೆಂಗಸು ಬಂದು ಕೇಳುವುದು ದೆಹಲಿಯನ್ನಲ್ಲ, ಮೆಂಬರನ್ನು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಜಾಗಕ್ಕೆ ವಿಬಿ-ಜಿ ರಾಮ್ ಜಿ ಎಂಬ ಹೊಸ ಕಾಯ್ದೆ ತಂದಿತು. ಕಾಗದದ ಮೇಲೆ ವರ್ಷಕ್ಕೆ 100 ದಿನದ ಕೆಲಸ 125 ದಿನ ಆಯಿತು. ಅದೇ ಹೊತ್ತಿಗೆ, ಮೊದಲು ಕೇಂದ್ರವೇ ಪೂರ್ತಿ ಕೊಡುತ್ತಿದ್ದ ಕೂಲಿಯಲ್ಲೂ ರಾಜ್ಯ ಶೇ 40 ಹೊರಬೇಕು ಎಂದಾಯಿತು. ಬಿತ್ತನೆ, ಕಟಾವಿನ ಕಾಲದಲ್ಲಿ ವರ್ಷಕ್ಕೆ 60 ದಿನ ಕೆಲಸ ನಿಲ್ಲಿಸುವ ಅವಕಾಶವೂ ಸೇರಿತು. ಈ ಬದಲಾವಣೆಯನ್ನು ಕೂಲಿಕಾರರಿಗೆ ಬಿಡಿಸಿ ಹೇಳಬೇಕಾದವರೂ ಸದಸ್ಯರೇ. ಅವರಿಗೇ ಯಾರೂ ಬಿಡಿಸಿ ಹೇಳದಿದ್ದರೆ ಹೊಸ ಕಾನೂನು ಹಳ್ಳಿಗೆ ತಲುಪುವುದು ಗಾಳಿಸುದ್ದಿಯಾಗಿ.

ಸದಸ್ಯರ ಅಧಿಕಾರಕ್ಕೆ ಸಂಬಂಧವೇ ಇಲ್ಲದ ಕೆಲಸಗಳ ರಾಶಿ ಬೇರೆ ಇದೆ. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಕಂದಾಯ ಇಲಾಖೆಯದ್ದು. ವೃದ್ಧಾಪ್ಯ ವೇತನ ನಾಡಕಚೇರಿಯದ್ದು. ರೇಷನ್ ಕಾರ್ಡ್ ಆಹಾರ ಇಲಾಖೆಯದ್ದು. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಕರೆಂಟಿನ ಕಂಪನಿ ಸೆಸ್ಕ್. ನಾಲೆಗೆ ನೀರು ಬಿಡದಿದ್ದರೆ ನೀರಾವರಿ ನಿಗಮ. ಗೃಹಲಕ್ಷ್ಮಿ ಹಣ ನಿಂತರೆ ಮಹಿಳಾ ಮತ್ತು ಮಕ್ಕಳ ಇಲಾಖೆ. ಸ್ಮಶಾನದ ಒತ್ತುವರಿ ತಹಶೀಲ್ದಾರರದ್ದು. ಇದು ಯಾವುದನ್ನೂ "ನಂದಲ್ಲ" ಎಂದು ಸದಸ್ಯರು ಹೇಳುವಂತಿಲ್ಲ. ಹೇಳಿದರೆ "ಓಟ್ ಹಾಕುಸ್ಕೊಳ್ಳುವಾಗ ಎಲ್ಲ ನಿಂದೇ ಆಗಿತ್ತಲ್ಲ" ಎಂಬ ಮಾತು ಸಿದ್ಧವಾಗಿರುತ್ತದೆ. ಹಾಗಾಗಿ ಅಜ್ಜಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ನಾಡಕಚೇರಿಗೆ ಹೋಗುವುದು, ಬ್ಯಾಂಕಿನಲ್ಲಿ ಆಧಾರ್ ಜೋಡಿಸುವುದು, ಜಿಲ್ಲಾಸ್ಪತ್ರೆಯಲ್ಲಿ ಪರಿಚಯದವರಿಗೆ ಫೋನ್ ಮಾಡುವುದು ಇವೆಲ್ಲ ಸದಸ್ಯಗಿರಿಯ ಭಾಗವಾಗಿಬಿಟ್ಟಿವೆ. ಅದರ ಮೇಲೆ ಮದುವೆ, ಬೀಗರೂಟ, ತಿಥಿ. ಎಲ್ಲದಕ್ಕೂ ಮುಖ ತೋರಿಸಬೇಕು, ಮುಯ್ಯಿ ಹಾಕಬೇಕು. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಓದು ಬಾರದ ಒಬ್ಬ ವೃದ್ಧೆಗೆ ಕಚೇರಿಯ ಕಿಟಕಿಯ ಮುಂದೆ ಜೊತೆಗೆ ನಿಲ್ಲುವ ಒಬ್ಬರು ಬೇಕೇ ಬೇಕು. ಆದರೆ ಆ ಜಾಗದಲ್ಲಿ ನಿಂತು ನಿಂತು ಸದಸ್ಯರಿಗೆ ತಮ್ಮದೇ ಪಂಚಾಯಿತಿಯ ಕಡತ ತೆರೆದು ನೋಡಲು ಹೊತ್ತು ಉಳಿಯುವುದಿಲ್ಲ.

ಮೊದಲು ಈ ಭಾರ ಹಂಚಿಕೊಳ್ಳಲು ಮೇಲೆ ಎರಡು ಮೆಟ್ಟಿಲು ಇದ್ದವು. ಇಲಾಖೆಯವರು ಕಿವಿಗೊಡದಿದ್ದರೆ ತಾಲ್ಲೂಕು ಪಂಚಾಯಿತಿ ಸದಸ್ಯರಿಗೆ ಹೇಳಬಹುದಿತ್ತು, ದೊಡ್ಡ ಕೆಲಸವಾದರೆ ಜಿಲ್ಲಾ ಪಂಚಾಯಿತಿ ಸದಸ್ಯರಿಗೆ. ಆ ಎರಡಕ್ಕೂ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ನಡೆಯಿತು. ಫಲವಾಗಿ ಹಳ್ಳಿಯ ಸದಸ್ಯರಿಗೂ ಶಾಸಕರಿಗೂ ನಡುವೆ ಚುನಾಯಿತರೆಂಬವರೇ ಇಲ್ಲದಾಯಿತು. ಒಂದು ಬೋರು ಕೊರೆಸಬೇಕಾದರೂ ಶಾಸಕರ ಮನೆಯ ಮುಂದೆ ಕಾಯಬೇಕು. ಕಾಯುವವರಲ್ಲಿ ತಮ್ಮ ಕಡೆಯವರು ಯಾರು, ಎದುರು ಕಡೆಯವರು ಯಾರು ಎಂಬ ಎಣಿಕೆ ಅಲ್ಲಿ ಶುರುವಾಗುತ್ತದೆ. ಚಿಹ್ನೆಯಿಲ್ಲದೆ ಗೆದ್ದವರಿಗೆ ಪಕ್ಷದ ಬಣ್ಣ ಹತ್ತುವುದು ಹೀಗೆ. ಪಂಚಾಯಿತಿ ರಾಜಕೀಯ ಕೆಟ್ಟಿದೆ ಎಂದು ಕೊರಗುವವರು ಈ ಖಾಲಿ ಮೆಟ್ಟಿಲುಗಳ ಬಗ್ಗೆ ಅಷ್ಟೇ ಗಟ್ಟಿಯಾಗಿ ಮಾತಾಡಬೇಕು.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಕರ್ನಾಟಕ ಈ ದಾರಿಯಲ್ಲಿ ದೇಶಕ್ಕಿಂತ ಮುಂದೆ ಹೋಗಿತ್ತು. ಸಂವಿಧಾನದ 73ನೇ ತಿದ್ದುಪಡಿ ಬರುವ ಮೊದಲೇ, 1983ರ ಕಾಯ್ದೆಯಡಿ 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದಾಗ ಮಹಿಳೆಯರಿಗೆ ಶೇ 25 ಸ್ಥಾನ ಇಟ್ಟಿತ್ತು. ಅದರ ಹಿಂದೆ ನಿಂತವರು ಆಗಿನ ಸಚಿವ, ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರು ಕೊರೆಸಿ ನೀರ್ ಸಾಬ್ ಎಂದು ಹೆಸರಾದವರು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅವರದೇ ಹೆಸರಿದೆ. 2010ರಿಂದ ಮಹಿಳಾ ಮೀಸಲಾತಿ ಶೇ 50. 2020ರಲ್ಲಿ ಗೆದ್ದವರಲ್ಲಿ ಮಂಡ್ಯದ ಯಾವ ಪಂಚಾಯಿತಿ ನೋಡಿದರೂ ಅರ್ಧಕ್ಕರ್ಧ ಹೆಣ್ಣುಮಕ್ಕಳೇ ಸದಸ್ಯರು.

ಆದರೂ "ಮೆಂಬ್ರು ಎಲ್ಲಿ?" ಎಂದರೆ ಎಷ್ಟೋ ಊರುಗಳಲ್ಲಿ ಜನ ಬೆರಳು ತೋರಿಸುವುದು ಆಕೆಯ ಗಂಡನ ಕಡೆ. ಫ್ಲೆಕ್ಸಿನಲ್ಲಿ ಅವನ ಫೋಟೋ, ಫೋನ್ ನಂಬರ್ ಅವನದು, ಸಭೆಯ ಬಾಗಿಲಲ್ಲಿ ನಿಲ್ಲುವವನೂ ಅವನೇ. ಸಭೆಯೊಳಗೆ ಕೂರುವ ಹಕ್ಕು ಅವನಿಗಿಲ್ಲ. ಕೂರಲು ಬಿಡುವ ಅಧ್ಯಕ್ಷರು, ಅಧಿಕಾರಿಗಳು ತಪ್ಪಿತಸ್ಥರು. ಆದರೆ ಇದೊಂದನ್ನೇ ಹಿಡಿದು "ಹೆಂಗಸರ ಮೀಸಲಾತಿ ಸುಮ್ನೆ" ಎನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಮೊದಲ ವರ್ಷ ತಲೆ ತಗ್ಗಿಸಿ ಕೂತು ಸಹಿ ಹಾಕಿದವರು ಮೂರನೇ ವರ್ಷಕ್ಕೆ ವಾಟರ್‌ಮ್ಯಾನಿಗೆ ನೇರವಾಗಿ ಫೋನ್ ಮಾಡಿ ವಾಲ್ವ್ ಯಾಕೆ ತಿರುಗಿಸಿಲ್ಲ ಎಂದು ಕೇಳುವುದನ್ನು ಬೇಕಾದಷ್ಟು ಕಡೆ ಕಂಡಿದ್ದೇನೆ. ನೀರು, ಶೌಚಾಲಯ, ಅಂಗನವಾಡಿ ಇವುಗಳ ವಿಷಯದಲ್ಲಿ ಅವರಷ್ಟು ಕರಾರುವಾಕ್ಕಾಗಿ ಮಾತಾಡುವ ಗಂಡಸು ಸದಸ್ಯರು ಅಪರೂಪ, ಏಕೆಂದರೆ ಕೊಡ ಹೊತ್ತವರು ಅವರೇ. ತೊಂದರೆ ಇರುವುದು ಬೇರೆ ಕಡೆ. ಆಕೆ ಕೆಲಸ ಕಲಿತು ನಿಂತುಕೊಳ್ಳುವ ಹೊತ್ತಿಗೆ ಕ್ಷೇತ್ರದ ಮೀಸಲಾತಿ ಬದಲಾದರೆ ಕಲಿತದ್ದೆಲ್ಲ ಮನೆಗೆ ಹೋಗುತ್ತದೆ. ಅಧ್ಯಕ್ಷ ಸ್ಥಾನದ ಅವಧಿ 30 ತಿಂಗಳು. ಅದನ್ನೂ "ನಿನಗೆ ಹತ್ತು ತಿಂಗಳು, ನನಗೆ ಹತ್ತು ತಿಂಗಳು" ಎಂದು ಒಳ ಒಪ್ಪಂದದಲ್ಲಿ ಹರಿದು ಹಂಚುತ್ತಾರೆ. ಹತ್ತು ತಿಂಗಳಿಗೆ ಚೇರ್ಮನ್ ಆದವರು ಡಿಜಿಟಲ್ ಸಹಿಯ ನೋಂದಣಿ ಮುಗಿಸಿ ಕುರ್ಚಿಯಲ್ಲಿ ಸರಿಯಾಗಿ ಕೂರುವುದರೊಳಗೆ ರಾಜೀನಾಮೆ ಕೇಳುವವರು ಬಾಗಿಲಿಗೆ ಬಂದಿರುತ್ತಾರೆ.

ಹಾಗಾದರೆ ಸದಸ್ಯರಿಗೆ ನಿಜವಾದ ಅಧಿಕಾರ ಎಲ್ಲಿದೆ? ತಿಂಗಳ ಸಭೆಯ ನಡಾವಳಿ ಪುಸ್ತಕದಲ್ಲಿ. ಬಹಳ ಜನ ಇದನ್ನು ಸಹಿ ಹಾಕಿ ಟೀ ಕುಡಿದು ಬರುವ ಶಾಸ್ತ್ರ ಮಾಡಿಕೊಂಡಿದ್ದಾರೆ. ಕೆಲವು ಕಡೆ ಸಹಿ ಮೊದಲು, ಬರೆಯುವುದು ಆಮೇಲೆ. ಆದರೆ ಯಾವ ಕೆಲಸ ಕ್ರಿಯಾ ಯೋಜನೆಗೆ ಸೇರಬೇಕು, ಯಾವ ಬಿಲ್ಲು ಪಾವತಿಯಾಗಬೇಕು ಎಂಬುದೆಲ್ಲ ಪಂಚಾಯಿತಿಯ ತೀರ್ಮಾನವಾಗುವುದು ಅಲ್ಲಿ ಬರೆದಾಗಲೇ. ಪಿಡಿಓ ಅದನ್ನು ಜಾರಿ ಮಾಡುವ ಅಧಿಕಾರಿ. "ಮೂರು ತಿಂಗಳಿಂದ ಮೇಲಿನ ಬೀದಿಯ ತೊಂಬೆಗೆ ನೀರು ಬಿಟ್ಟಿಲ್ಲ" ಎಂದು ಸದಸ್ಯರು ಬಾಯಲ್ಲಿ ಹತ್ತು ಸಲ ಕೂಗಿದರೆ ಗಾಳಿಗೆ ಹೋಗುತ್ತದೆ. ಒಂದು ಸಲ ನಡಾವಳಿಯಲ್ಲಿ ಬರೆಸಿ ಪ್ರತಿ ಪಡೆದರೆ ಮುಂದಿನ ಸಭೆಯಲ್ಲಿ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಒಪ್ಪದಿದ್ದರೆ ಒಪ್ಪಿಲ್ಲ ಎಂದು ಬರೆಸುವ ಹಕ್ಕೂ ಇದೆ. ಲೆಕ್ಕಪರಿಶೋಧನೆಯ ಹೊತ್ತಿಗೆ ಆ ಒಂದು ಸಾಲು ಸದಸ್ಯರನ್ನು ಕಾಪಾಡುತ್ತದೆ. ಸ್ಥಾಯಿ ಸಮಿತಿಗಳಲ್ಲಿ ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸಮಿತಿಯೂ ಒಂದು. ಸಾಮಾಜಿಕ ನ್ಯಾಯ ಸಮಿತಿ ಇನ್ನೊಂದು. ಈ ಸಮಿತಿಗಳು ನಿಜವಾಗಿ ಕೂತು ಕಡತ ನೋಡಿದರೆ ಅರ್ಧ ಜಗಳ ಸಾಮಾನ್ಯ ಸಭೆಗೆ ಬರುವುದೇ ಇಲ್ಲ.

ವಾರ್ಡ್ ಸಭೆಯದ್ದೂ ಇದೇ ಕಥೆ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಜನರ ಮುಂದೆ ತಯಾರಾಗಬೇಕು. ಬಸವ ವಸತಿಯ ಹತ್ತು ಮನೆಗೆ ನೂರು ಅರ್ಜಿ ಇರುವಾಗ ಸದಸ್ಯರು ತಮ್ಮ ಮನೆ ಜಗುಲಿಯಲ್ಲಿ ಹೆಸರು ತೀರ್ಮಾನಿಸಿದರೆ ತೊಂಬತ್ತು ಮನೆಯ ದ್ವೇಷ ಅವರೊಬ್ಬರ ತಲೆಗೆ. ಬೀದಿಯ ಜನರನ್ನು ಸೇರಿಸಿ, ಗುಡಿಸಲಲ್ಲಿ ಇರುವವರು ಯಾರು, ಗಂಡ ಸತ್ತವರು ಯಾರು ಎಂದು ಎಲ್ಲರೆದುರು ಮಾತಾಡಿದರೆ ಹೊಣೆ ಬೀದಿಯದ್ದೇ ಆಗುತ್ತದೆ. ಇದಕ್ಕೆ ಸಂಜೆ ಹೊತ್ತು ಆರಿಸಬೇಕು, ಕಬ್ಬು ಕಡಿಯುವ ಕಾಲದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಯವರು ಬರುವುದಿಲ್ಲ. ತಮಟೆ ಹೊಡೆಸಿ ಸಾರಬೇಕು, ಪಂಚಾಯಿತಿ ಗೋಡೆಗೆ ಚೀಟಿ ಅಂಟಿಸಿದರೆ ಸಾಲದು. ಇಷ್ಟು ಮಾಡಿದ ಸದಸ್ಯರಿಗೆ ಬೈಗುಳ ಕಡಿಮೆ ಬೀಳುತ್ತದೆ.

ಮತ ಹಾಕುವವರ ಪಾಲಿನದೂ ಒಂದು ಕೆಲಸ ಇದೆ. ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಪ್ರತಿ ಪಂಚಾಯಿತಿಯ ಕ್ರಿಯಾ ಯೋಜನೆ, ಹಣಕಾಸು ಆಯೋಗದ ಹಣದ ಜಮಾ ಖರ್ಚು ಯಾರು ಬೇಕಾದರೂ ನೋಡಬಹುದು. ಊರಿನಲ್ಲಿ ಕಾಲೇಜು ಓದುವ ಮಕ್ಕಳು ಬೇಕಾದಷ್ಟಿದ್ದಾರೆ. ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರೂ ಬಂದಿದೆ. ಅಲ್ಲಿ ಕೂತು ನಮ್ಮ ಪಂಚಾಯಿತಿಯ ಕಳೆದ ವರ್ಷದ ಪಟ್ಟಿಯನ್ನು ತೆಗೆದು, ನೀರಿಗೆಂದು ಬರೆದ ಹಣದಲ್ಲಿ ಎಷ್ಟು ಮೋಟ್ರು ರಿಪೇರಿ, ಎಷ್ಟು ಹೊಸ ಪೈಪು ಎಂದು ನೋಡಲಿ. ಮನೆ ಬಾಗಿಲಿಗೆ ಬರುವ ಅಭ್ಯರ್ಥಿಯನ್ನು "ನಮ್ಗೇನ್ ಮಾಡ್ತೀಯ" ಎಂದು ಕೇಳುವುದರ ಜೊತೆಗೆ, "ತುರ್ತು ರಿಪೇರಿಗೆ ಹಣ ಎತ್ತಿಡುಸ್ತೀಯಾ, ವಾರ್ಡ್ ಸಭೆ ಯಾವ ತಿಂಗ್ಳು ಕರೀತೀಯ, ಚರಂಡಿ ದುಡ್ಡನ್ನ ತುಂಡು ಮಾಡ್ದೆ ಒಂದೇ ಕಡೆ ಹಾಕೋಕೆ ಒಪ್ತೀಯಾ" ಎಂದೂ ಕೇಳಲಿ. ಈ ಮೂರಕ್ಕೂ ಸರ್ಕಾರದ ಹೊಸ ಆದೇಶ ಬೇಕಿಲ್ಲ, ಪಂಚಾಯಿತಿ ಸಭೆಯ ಬಹುಮತ ಸಾಕು.